ನವೆಂಬರ್ ಒಂದರ ತನಕ

"ನೀರಿನ ಬಿಸಿ ನೂರಾ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಸಿದೀನಿ ಕಣಮ್ಮಾ," ಎನ್ನುತ್ತಾ ನರ್ಸ್ ಡಾರ್ಲೀನ್ ನೆಲಮಾಳಿಗೆಯ ಮೆಟ್ಟಿಲು ಹತ್ತಿ ಬಂದಳು. "ನೂರಾ ನಲವತ್ತೈದಕ್ಕೆ ಇಟ್ಟಿದ್ರಲ್ಲ, ಕೋಳಿ ಪುಕ್ಕ ಕೀಳೋಕಾ? ನಿಮ್ಮ ಯಜಮಾನ್ರಿಗೆ ಬಲಗಡೆ ಸ್ಪರ್ಶಾನೇ ಇಲ್ಲ. ಸುಟ್ಟು ಬೊಬ್ಬೆ ಎದ್ರೂ ಗೊತ್ತಾಗಲ್ಲ."

"ಒಳ್ಳೇದಾಯ್ತು ಬಿಡಿ," ಎಂದಳು ಜೆರ್ಮೇನ್. ಪಾತ್ರೆ ತೊಳೆಯುವ ತೊಟ್ಟಿಯಿಂದ ಕೈ ಮಾತ್ರ ತೆಗೆಯಲಿಲ್ಲ.

ಒಳ್ಳೆಯದೇನೂ ಆಗಿರಲಿಲ್ಲ. ಅಕ್ಟೋಬರ್ ತಿಂಗಳಲ್ಲಿ ಆ ಮನೆಯಲ್ಲಿ ಬೆಚ್ಚಗಿದ್ದ ಜಾಗವೆಂದರೆ ಆ ತೊಟ್ಟಿಯೊಂದೇ. ನೀರು ಕಾಯಿಸುವ ಟ್ಯಾಂಕಿನ ತಿರುಗಣೆಯನ್ನು ವರ್ಷಕ್ಕಿಷ್ಟು ಎಂದು ಕದ್ದು ಮೇಲಕ್ಕೇರಿಸಿದ್ದವಳೂ ಅವಳೇ. ಗಂಡ ರೊಸೇರ್ ಶನಿವಾರದ ಸ್ನಾನ ಮುಗಿಸಿ ಕೆಂಪಗೆ ಹೊರಗೆ ಬಂದು, ಎಂಥಾ ಟ್ಯಾಂಕು ಆರಿಸಿ ತಂದಿದ್ದೇನೆ ನೋಡು ಎಂದು ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ. ಅವಳು ಹೂಂ ಎನ್ನುತ್ತಿದ್ದಳು.

ಮನೆ ಕಾಯಿಸುವ ಫರ್ನೇಸಿನ ವಿಷಯದಲ್ಲಿ ಈ ಕಳ್ಳತನ ನಡೆಯುವಂತಿರಲಿಲ್ಲ. ಗಿರಣಿ ಬೀದಿಯಲ್ಲಿ ಸಕಲ ಸಂತರ ಹಬ್ಬಕ್ಕೆ ಮುಂಚೆ, ಎಂದರೆ ನವೆಂಬರ್ ಒಂದಕ್ಕೆ ಮುಂಚೆ, ಫರ್ನೇಸ್ ಹಚ್ಚಿದವರ ಮರ್ಯಾದೆ ಉಳಿಯುತ್ತಿರಲಿಲ್ಲ. ಯಾರ ಚಿಮಣಿಯಲ್ಲಿ ಮೊದಲು ಹೊಗೆ ಕಾಣುತ್ತದೋ ಅವರು ಭಾನುವಾರ ಚರ್ಚಿನ ಉಪಾಹಾರಕ್ಕೆ ಎಲ್ಲರಿಗೂ ಪೈ ಎಂಬ ಹಣ್ಣಿನ ಕಡುಬು ಮಾಡಿ ತಂದು, ಬಡಿಸಿ, ಗೇಲಿ ಮಾಡಿಸಿಕೊಂಡು ಹೋಗಬೇಕು. ರೊಸೇರ್ ಒಮ್ಮೆಯೂ ಸೋತವನಲ್ಲ. ಕಾಗದದ ಗಿರಣಿ ಮುಚ್ಚಿದ ವರ್ಷ ಅಲ್ಲಿಂದ ಒಂದು ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆ ತಂದು, ಫರ್ನೇಸಿನ ಬಿಸಿ ಏರಿಸಿ ಇಳಿಸುವ ಥರ್ಮೋಸ್ಟಾಟಿನ ಮೇಲೆ ಕೂರಿಸಿ ಬೀಗ ಹಾಕಿದ್ದ. ಕೀಲಿ ಅವನ ಕೊರಳಲ್ಲಿ, ಸಂತ ಜೋಸೆಫರ ಪದಕದ ಪಕ್ಕದಲ್ಲಿ. ಬಿಸಿ ಎಷ್ಟಿದೆ ಎಂದು ಅವಳು ನೋಡಬಹುದಿತ್ತು, ಮುಟ್ಟುವಂತಿರಲಿಲ್ಲ.

ಡಾರ್ಲೀನ್ ಪೆಟ್ಟಿಗೆಯೊಳಗೆ ಇಣುಕಿದಳು. "ಐವತ್ತೈದು. ಹಾಲು ಹೊರಗಿಟ್ರೂ ಕೆಡಲ್ಲ ಇಲ್ಲಿ. ಆಸ್ಪತ್ರೆಯಿಂದ ಬಂದಿರೋ ಮನುಷ್ಯ, ಯಾಕಮ್ಮಾ ಹಚ್ಚಿಲ್ಲ?"

"ಅವರಿಗೆ ಬೇಡವಂತೆ. ಕೇಳಿದೆ ನಾನು."

ಅದು ನಿಜ. ಲಕ್ವ ಹೊಡೆದು ಐದು ವಾರ ಆಸ್ಪತ್ರೆಯಲ್ಲಿದ್ದಾಗ ರೊಸೇರ್ ಬಾಯಿಂದ ಒಂದು ಮಾತೂ ಬಂದಿರಲಿಲ್ಲ. ಗುರುವಾರ ಮನೆಗೆ ಕರೆತಂದು ಮಂಚದ ಮೇಲೆ ಮಲಗಿಸಿ, "ಫರ್ನೇಸ್ ಹಚ್ಚಲಾ ರೀ?" ಎಂದು ಕೇಳಿದಾಗ ಅವನು ಸ್ಪಷ್ಟವಾಗಿ, "ನವೆಂಬರ್," ಎಂದಿದ್ದ. ಮಾತು ಮರಳಿತು, ಬುದ್ಧಿಯೂ ನೆಟ್ಟಗಿದೆ ಎಂದು ಅವಳಿಗೆ ಕಣ್ಣಲ್ಲಿ ನೀರು ಬಂದಿತ್ತು. ಎದುರು ಮನೆಯ ಮೈದುನ ನಾರ್ಮಂಡ್, "ಹುಟ್ಟುಗುಣ ಸುಟ್ರೂ ಹೋಗಲ್ಲ ಅತ್ತಿಗೆ," ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದ. ಅಂದಿನಿಂದ ರೊಸೇರ್ ಊಟದ ಹೊತ್ತಿಗೂ ನವೆಂಬರ್ ಎನ್ನುತ್ತಿದ್ದ, ಮಗ್ಗುಲು ಬದಲಿಸುವಾಗಲೂ ನವೆಂಬರ್ ಎನ್ನುತ್ತಿದ್ದ. ತನ್ನ ಮೇಲೆ ಅನುಮಾನ, ಎಚ್ಚರಿಸುತ್ತಿದ್ದಾನೆ ಎಂದುಕೊಂಡ ಅವಳು ಪ್ರತಿಸಲವೂ, "ಗೊತ್ತು ರೀ, ಮುಟ್ಟಿಲ್ಲ," ಎಂದು ಉತ್ತರಿಸಿ ಇನ್ನೊಂದು ಸ್ವೆಟರ್ ಹಾಕಿಕೊಳ್ಳುತ್ತಿದ್ದಳು.

ಡಾರ್ಲೀನ್ ಮಂಚದ ಪಕ್ಕ ಕುರ್ಚಿ ಎಳೆದು ಕೂತಳು. ಜೇಬಿನಿಂದ ಪೆನ್ನು ತೆಗೆದು ಅವನ ಕಣ್ಣೆದುರು ಹಿಡಿದಳು.

"ಇದೇನು, ಹೇಳಿ ನೋಡೋಣ?"

"ನವೆಂಬರ್."

"ನಿಮ್ಮ ಹೆಸರು?"

"ನವೆಂಬರ್," ಎಂದ ರೊಸೇರ್, ಗಂಭೀರವಾಗಿ.

ಜೆರ್ಮೇನ್‌ಗೆ ಫಕ್ಕನೆ ನಗು ಬಂತು. ಡಾರ್ಲೀನ್ ನಗಲಿಲ್ಲ. "ಲಕ್ವ ಹೊಡೆದ ಕೆಲವರಿಗೆ ಹಿಂಗಾಗುತ್ತೆ ಕಣಮ್ಮಾ. ಒಂದೇ ಒಂದು ಪದ ಉಳ್ಕೊಂಡಿರುತ್ತೆ. ನೀರು ಬೇಕಾದ್ರೂ ಅದೇ, ನೋವಾದ್ರೂ ಅದೇ. ನಾವು ಹೇಳೋದೆಲ್ಲ ತಿಳಿಯುತ್ತೆ, ತಿರುಗಿ ಹೇಳೋಕಾಗಲ್ಲ." ಆಮೇಲೆ ಅವನ ಎಡಗೈ ಹಿಡಿದುಕೊಂಡಳು. "ರೊಸೇರ್, ನಿಮಗೆ ಚಳಿ ಆಗ್ತಿದ್ಯಾ? ಹೌದು ಅಂದ್ರೆ ನನ್ನ ಕೈ ಒತ್ತಿ."

ಅವನು ಒತ್ತಿದ. ಒತ್ತಿದವನು ಬಿಡಲೇ ಇಲ್ಲ. ಉಗುರುಗಳು ನೀಲಿಗಟ್ಟಿದ್ದನ್ನು ಜೆರ್ಮೇನ್ ಆಗ ನೋಡಿದಳು. ಕೊನೆಗೆ ಡಾರ್ಲೀನ್ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು.

"ಈಗ್ಲೇ ಹಚ್ಚಿ. ನನಗೆ ಇನ್ನೂ ಮೂರು ಮನೆ ಇದೆ," ಎಂದು ಹೇಳಿ ಅವಳು ಹೊರಟುಹೋದಳು.

ಜೆರ್ಮೇನ್ ಮಂಚದ ಬಳಿ ನಿಂತಳು. ಅಳು ಬರಲಿಲ್ಲ, ತನ್ನ ಮೇಲೆಯೇ ಸಿಟ್ಟು ಬಂತು. ಮೂವತ್ತೊಂದು ವರ್ಷ ಹೇಳಿದ್ದನ್ನು ಕೇಳಿ ಕೇಳಿ, ಅವನು ಬೇಡಿಕೊಂಡದ್ದೂ ಅವಳಿಗೆ ಅಪ್ಪಣೆಯಾಗಿಯೇ ಕೇಳಿಸಿತ್ತು. ನಾಲ್ಕು ದಿನ.

ಅವನ ಅಂಗಿಯ ಕಾಲರಿನೊಳಗೆ ಕೈ ಹಾಕಿ ಕೀಲಿಯ ದಾರ ಎಳೆದು ತೆಗೆದಳು. ಅವನು ಸುಮ್ಮನೆ ನೋಡುತ್ತಿದ್ದ. ಬೀಗ ಒಂದೇ ಸಲಕ್ಕೆ ತೆರೆಯಿತು. ಮುಳ್ಳನ್ನು ಎಪ್ಪತ್ತೆರಡಕ್ಕೆ ಬೇಕಾದರೂ ತಿರುಗಿಸಬಹುದಿತ್ತು. ಅವಳು ಅರವತ್ನಾಲ್ಕಕ್ಕೆ ತಿರುಗಿಸಿದಳು. ನವೆಂಬರ್ ಬಂದರೂ ಇದನ್ನು ದಾಟಬಾರದು ಎಂದು ಅವನು ಶಾಯಿಯಲ್ಲಿ ಗೆರೆ ಎಳೆದಿದ್ದು ಅಲ್ಲಿಗೇ.

ನೆಲದಡಿ ಫರ್ನೇಸ್ ಕೆಮ್ಮಿ ಹೊತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಂಡಿತು.

"ಅತ್ತಿಗೆ, ನನ್ನ ಕಣ್ಣಿಗೇ ಪೊರೆ ಬಂದಿದ್ಯೋ ಏನೋ," ಎಂದ ನಾರ್ಮಂಡ್. "ನಿಮ್ಮ ಚಿಮಣಿ ಮೇಲೆ ಏನೋ ಕಾಣ್ತಿದೆ."

"ಹೊಗೆ."

"ಅಣ್ಣ ಒಪ್ಪಿದ್ನಾ?"

"ಅವರೇ ಕೇಳಿದ್ದು."

"ಸೇಬಿನ ಪೈ ಮಾಡಿ, ಕುಂಬಳಕಾಯಿದು ಬೇಡ," ಎಂದ ನಾರ್ಮಂಡ್. ಆಮೇಲೆ ದನಿ ತಗ್ಗಿಸಿ, "ಹಂಗಾದ್ರೆ ನಾನೂ ಹಚ್ತೀನಿ. ಒಂದು ವಾರದಿಂದ ಯಾರಾದ್ರೂ ಹಚ್ಲಿ ಅಂತ ಕಾಯ್ತಾ ಕೂತಿದ್ದೆ," ಎಂದು ಫೋನಿಟ್ಟ.

ಜೆರ್ಮೇನ್ ಪೆಟ್ಟಿಗೆಯ ಮುಚ್ಚಳ ಹಾಕಿದಳು. ಬೀಗವನ್ನೂ ಹಾಕಿದಳು. ದಾರವನ್ನು ತಂದು ಅವನ ತಲೆಯ ಮೇಲಿಂದ ಇಳಿಸಿ, ಕೀಲಿ ಮತ್ತು ಪದಕ ಎರಡನ್ನೂ ಅಂಗಿಯೊಳಗೆ ಸೇರಿಸಿದಳು. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಕೋಟು ತೊಟ್ಟುಕೊಂಡೇ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಳು.

ನೆಲದ ಜಾಲರಿಯಿಂದ ಬಿಸಿ ಗಾಳಿ ಏಳತೊಡಗಿತು. ಸುಟ್ಟ ಧೂಳಿನ ವಾಸನೆ ಬಂತು. ರೊಸೇರ್‌ನ ಬಿಗಿದ ಭುಜ ಮೆಲ್ಲನೆ ಸಡಿಲಾಯಿತು. ಅವನು ಅವಳತ್ತ ತಲೆ ಹೊರಳಿಸಿದ.

"ನವೆಂಬರ್," ಎಂದ, ಬಹಳ ಮೃದುವಾಗಿ.

"ಗೊತ್ತು ರೀ," ಎಂದಳು ಜೆರ್ಮೇನ್. "ಮುಟ್ಟಿಲ್ಲ."

ಜಾಲರಿಯ ಮೇಲೆ ಕಿಟಕಿಯ ಪರದೆಯ ಅಂಚು ಮೇಲಕ್ಕೆದ್ದು, ಇಳಿಯುತ್ತಿತ್ತು.