ಆಗಸ್ಟ್ ಚೀಟಿ

“ಕೊನೆಗೂ ನಿನಗೆ ಆಗಸ್ಟ್ ಬಿತ್ತಾ, ತೀಸ್ಕಾರ್?”

ಎಲಾಯ್ ವ್ಯಾನಿನ ಕಿಟಕಿಗೆ ಮೊಣಕೈ ಊರಿ ನಿಂತಿದ್ದ. ಅವನ ಕೂದಲಿನಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ಹಿಂದೆ, ದಡಕ್ಕೆಳೆದ ದೋಣಿಯ ನೆರಳಿನಲ್ಲಿ, ಅವನ ಬಸುರಿ ಹೆಂಡತಿ ಹುಲ್ಲಿನ ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು.

“ನಂಗಲ್ಲ, ಅಕ್ಕಂಗೆ,” ಎಂದಳು ತೀಸ್ಕಾರ್. “ಭಾವನ ಕಾಲು ಮುರಿದಿದೆ. ಮಕ್ಕಳನ್ನ ನೋಡ್ಕೊಳ್ಳೋಕೆ ಅಂತ ನನ್ನ ಕರ್ಕೊಂಡು ಬಂದಳು.”

“ಆ ಕಾಲು ನಾಲ್ಕು ವರ್ಷ ಮೊದಲೇ ಮುರೀಬಾರದಿತ್ತಾ?”

ಅವನು ನಕ್ಕ. ಆಮೇಲೆ ಹೆಂಡತಿಯ ಕಡೆಗೊಮ್ಮೆ ನೋಡಿ, ವ್ಯಾನಿನ ತಗಡನ್ನು ಎರಡು ಸಲ ತಟ್ಟಿ ಹೊರಟುಹೋದ.

ಅಕ್ಕ ವೀಸಿ ಗೇರು ಹಾಕಿದಳು. “ಹೊಟ್ಟೆ ನೋಡಿದ್ಯಾ ಅವನದು? ಹೆಂಡತಿಗಿಂತ ಮೊದಲು ಅವನಿಗೇ ಹೆರಿಗೆ ಆಗತ್ತೆ.” ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರೂ ಕಿಸಕ್ಕೆಂದರು. ತೀಸ್ಕಾರ್ ಕಿಟಕಿಯ ಗಾಜು ಏರಿಸಿದಳು.

ವ್ಯಾನು ಅಪ್ಪನದು. ಪ್ರತಿ ಬೇಸಿಗೆಯಲ್ಲೂ ಅವನು ಮನೆಯವರನ್ನೆಲ್ಲ ಕರೆದುಕೊಂಡು ತಮ್ಮೂರು ಕೆಸಾದದ ಆಲಿವ್ ಗುಡ್ಡಗಳನ್ನಿಳಿದು ಈ ಕರಾವಳಿಗೆ ಬರುತ್ತಿದ್ದ. ಮೊದಲ ರಾತ್ರಿ ಉಪ್ಪಿನ ಗದ್ದೆಗಳ ಪಕ್ಕ, ಮಾರನೆಯ ದಿನ ಕಪ್ಪು ಬಂಡೆಗಳ ಕೊಲ್ಲಿ, ಆಮೇಲೆ ಎಲಾಯ್‌ನ ಊರು, ಅದರಾಚೆಗೆ ನುಣ್ಣನೆ ಮರಳಿನ ದಂಡೆ. ಸಾಯುವಾಗ ಅವನು ಹೇಳಿದ್ದು ಒಂದೇ: ವ್ಯಾನು ಮಾರಬೇಡಿ, ಮೂವರೂ ಹದಿನೈದು ಹದಿನೈದು ದಿನ ಇಟ್ಟುಕೊಳ್ಳಿ. ಅದರಂತೆ ಈಸ್ಟರ್ ಭಾನುವಾರ ಊಟವಾದ ಮೇಲೆ ಅಮ್ಮ ಸೂಪಿನ ದೊಡ್ಡ ಪಾತ್ರೆಗೆ ತಿಂಗಳು ಬರೆದ ಮೂರು ಚೀಟಿ ಹಾಕುತ್ತಿದ್ದಳು. ಹಿರಿಯವಳು ಮೊದಲು, ಕಿರಿಯವಳು ಕೊನೆಗೆ ಕಣ್ಣು ಮುಚ್ಚಿ ಎತ್ತಬೇಕು. ಆಗಸ್ಟ್ ವೀಸಿಗೆ ಬೀಳುತ್ತಿತ್ತು, ಜುಲೈ ಅಣ್ಣ ಹಿನೆಸ್‌ಗೆ. ಪಾತ್ರೆಯ ತಳದಲ್ಲಿ ಉಳಿದ ಸೆಪ್ಟೆಂಬರ್ ಕೊನೆಯ ದಿನಗಳು ತೀಸ್ಕಾರ್‌ಗೆ.

ಎಲಾಯ್ ಕೆಲಸ ಮಾಡುತ್ತಿದ್ದ ಬಾರ್ಸಿಲೋನಾದ ಕಾರ್ಖಾನೆ ಆಗಸ್ಟ್ ಮೊದಲ ಹದಿನೈದು ದಿನ ಮಾತ್ರ ಬಾಗಿಲು ಹಾಕುತ್ತಿತ್ತು. ‘ಈ ಸಲ ಬಾ, ನನ್ನ ಅಮ್ಮನ ಹತ್ತಿರ ಮಾತಾಡೋಣ’ ಎಂದು ಅವನು ಬರೆಯುತ್ತಿದ್ದ. ಬಸ್ಸು ಹತ್ತಿ ಒಬ್ಬಳೇ ಅವನ ಊರಿಗೆ ಹೋಗಿ ಕೋಣೆ ಹಿಡಿಯುವುದನ್ನು ತೀಸ್ಕಾರ್ ಕಲ್ಪಿಸಿಕೊಳ್ಳಲೂ ಅಂಜುತ್ತಿದ್ದಳು. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಹೊಲಿಗೆ ಮನೆ ಸೇರಿದ್ದ ಅವಳಿಗೆ ಅಂಗಡಿಯಲ್ಲಿ ಚಿಲ್ಲರೆ ಕೇಳಲೂ ನಾಚಿಕೆ. ವ್ಯಾನಿನಲ್ಲಿ ಬಂದರೆ ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ನಾಲ್ಕು ಈಸ್ಟರ್‌ಗಳಲ್ಲೂ ಅವಳು ‘ಮತ್ತೆ ಸೆಪ್ಟೆಂಬರ್’ ಎಂದು ಅವನಿಗೆ ಬರೆದಳು. ನಾಲ್ಕು ಸಲವೂ ವೀಸಿ ಅವಳನ್ನು ಅಪ್ಪಿ, “ಮುಂದಿನ ವರ್ಷ ನಿನ್ನದೇ, ಮುದ್ದು” ಎಂದಿದ್ದಳು. ಐದನೆಯ ವಸಂತದಲ್ಲಿ ಅವನ ಮದುವೆಯ ಕಾರ್ಡು ಬಂತು.

ಮರಳಿನ ದಂಡೆ ತಲುಪಿದಾಗ ಮಧ್ಯಾಹ್ನವಾಗಿತ್ತು. ಮಕ್ಕಳು ನೀರಿಗೆ ಓಡಿದರು. ವೀಸಿ ಎರಡು ಲೋಟ ವೈನು ಕುಡಿದು ಸಾರ್ಡಿನ್ ಮೀನು ಸುಡುತ್ತಿದ್ದಳು. ತೀಸ್ಕಾರ್ ಟೊಮೆಟೊ ಹೆಚ್ಚುತ್ತಿದ್ದಳು.

“ಒಂದೇ ಒಂದು ಸಲ ನನಗೆ ಬಿದ್ದಿದ್ದರೆ ಸಾಕಿತ್ತು,” ಎಂದಳು.

“ಬೀಳೋದು ಹೇಗೆ?” ವೀಸಿ ನಕ್ಕಳು. “ಆಗಸ್ಟ್ ಚೀಟಿ ಬೆಳಗ್ಗೆಯಿಂದ ಫ್ರೀಜರ್‌ನಲ್ಲಿ ಇರ್ತಿತ್ತು. ಕೈ ಹಾಕಿದ ಕೂಡಲೇ ತಣ್ಣಗೆ ಗೊತ್ತಾಗತ್ತೆ. ಹಿನೆಸ್‌ದು ಮೂಲೆ ಮಡಚಿದ್ದು.”

ತೀಸ್ಕಾರ್‌ಳ ಚಾಕು ನಿಂತಿತು.

“ಏನೇ ಹಾಗೆ ನೋಡ್ತೀಯ? ಗೊತ್ತಿರಲಿಲ್ವಾ ನಿಂಗೆ? ಅಮ್ಮಂಗೂ ಗೊತ್ತು ಕಣೇ! ನೀನು ಸುಮ್ಮನಿದ್ದೆ, ಒಪ್ಪಿಗೆ ಅಂತ ಅಂದ್ಕೊಂಡೆ.”

“ನಾನು ಯಾವಾಗ ಸುಮ್ಮನಿರಲಿಲ್ಲ?”

“ನೋಡು, ನನಗೆ ಮಕ್ಕಳ ಶಾಲೆ. ಹಿನೆಸ್‌ನ ಹೆಂಡತಿಗೆ ಜುಲೈ ಬಿಟ್ಟರೆ ರಜೆ ಇಲ್ಲ. ನೀನು ಒಬ್ಬಳು, ನಿನಗೆ ಯಾವ ತಿಂಗಳಾದರೇನು?”

“ಎಲಾಯ್ ವಿಷಯ ನಿನಗೆ ಗೊತ್ತಿತ್ತು ಅಕ್ಕ. ಅವನ ಕಾಗದ ಓದಿ ತೋರಿಸಿದ್ದೆ.”

ವೀಸಿ ಮೀನು ಮಗುಚಿದಳು. ಈಗ ನಗುತ್ತಿರಲಿಲ್ಲ.

“ಗೊತ್ತಿತ್ತು. ಅಷ್ಟು ಬೇಕಾಗಿದ್ದರೆ ಅವನೇ ಕೆಸಾದಕ್ಕೆ ಬರಬಹುದಿತ್ತಲ್ಲ? ಬ್ರೆಡ್ ಕೊಡು ಇಲ್ಲಿ, ಮೀನು ಸೀದುಹೋಗತ್ತೆ.”

ತೀಸ್ಕಾರ್ ಬ್ರೆಡ್ ಕೊಟ್ಟಳು. ಮಕ್ಕಳಿಗೆ ಮುಳ್ಳು ತೆಗೆದು ತಿನ್ನಿಸಿದಳು, ಕಾಲಿನ ಮರಳು ತೊಳೆದಳು, ಒದ್ದೆ ಟವೆಲ್ಲುಗಳನ್ನು ಹಗ್ಗಕ್ಕೆ ಹಾಕಿದಳು. ಸಂಜೆಯವರೆಗೂ ವೀಸಿ ಏನೇನೋ ಹೇಳಿ ನಗಿಸಲು ನೋಡಿದಳು. ಅವಳ ಪಾಲಿಗೆ ಆ ಮಾತು ಮೀನಿನ ಜೊತೆಗೇ ಮುಗಿದುಹೋಗಿತ್ತು.

ಮರುದಿನ ಬೆಳಗ್ಗೆ ಎಲ್ಲರೂ ಮಲಗಿದ್ದಾಗ ತೀಸ್ಕಾರ್ ಚೀಲ ಕಟ್ಟಿದಳು. ಚಿಕ್ಕವನ ಹೊದಿಕೆ ಸರಿಪಡಿಸಿದಳು. ಪೈನ್ ಮರಗಳ ನಡುವಿನ ದಾರಿ ಹಿಡಿದು ಮೇಲಿನ ರಸ್ತೆಗೆ ಬಂದು, ಬಸ್ಸು ನಿಲ್ಲುವಲ್ಲಿದ್ದ ಕಲ್ಲುಕಟ್ಟೆಯ ಮೇಲೆ ಕೂತಳು. ಅಲ್ಮೇರಿಯಾ ಪಟ್ಟಣಕ್ಕೆ ಹೋಗುವ ಬಸ್ಸು ಒಂಬತ್ತಕ್ಕೆ. ತರಕಾರಿ ಲಾರಿಯವನು “ಬರ್ತೀಯಾ ಸುಂದರಿ?” ಎಂದು ಕೂಗಿ ಹೋದ. ಅವಳ ಕಿವಿ ಕೆಂಪಾದರೂ ಎದ್ದು ಹೋಗಲಿಲ್ಲ.

ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ವ್ಯಾನು ಬಂತು. ವೀಸಿ ಬಾಚದ ತಲೆಯಲ್ಲೇ ಕಿಟಕಿಯಿಂದ ಹೊರಗೆ ಬಾಗಿದಳು.

“ಹುಚ್ಚು ಹಿಡಿದಿದೆಯಾ ನಿಂಗೆ? ಮೊದಲು ವ್ಯಾನು ಹತ್ತು! ಇನ್ನೂ ಆರು ದಿನ ಇದೆ. ಮಕ್ಕಳನ್ನ ಯಾರು ನೋಡ್ಕೋಬೇಕು?”

ತೀಸ್ಕಾರ್ ಬಸ್ಸು ಬರುವ ತಿರುವಿನತ್ತ ನೋಡಿದಳು.

“ಮುಂದಿನ ವರ್ಷ ಆಗಸ್ಟ್ ನಿಂಗೇ ಬಿಟ್ಕೊಡ್ತೀನಿ, ಆಯ್ತಾ? ಅಮ್ಮನ ಆಣೆ!”

ಅಷ್ಟರಲ್ಲಿ ಅಂಜೂರದ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಏದುಸಿರು ಬಿಡುತ್ತ ಕಟ್ಟೆಯ ಹತ್ತಿರ ಬಂದಳು. ವ್ಯಾನನ್ನೊಮ್ಮೆ, ತೀಸ್ಕಾರ್‌ಳನ್ನೊಮ್ಮೆ ನೋಡಿದಳು.

“ನಿನ್ನನ್ನೇ ಕರೀತಿರೋದಾ, ಮಗಳೇ?”

“ಅಲ್ಲ,” ಎಂದಳು ತೀಸ್ಕಾರ್. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬುಟ್ಟಿಗೂ ಜಾಗವಾಗುವಷ್ಟು ಪಕ್ಕಕ್ಕೆ ಸರಿದಳು.