ಗೋಲ್ಕೊಂಡ ಕಳಿಸಿದ ನಾಣ್ಯ

ಕಂಪ್ಯೂಟರ್ ಆಳುವ ದೇಶಗಳಿಗೆ ನಾಚಿಕೆ ಇರುವುದಿಲ್ಲ. ಭೂಪಟದ ಮೇಲೆ ಆಡುವ ಯುದ್ಧದ ಆಟಗಳಲ್ಲಿ ಒಂಬತ್ತು ವರ್ಷ ಕಳೆದು ನಾನು ಕಲಿತದ್ದು ಇಷ್ಟು. ನಿಮ್ಮ ರಾಜಧಾನಿಯನ್ನು ಸುಟ್ಟ ದೇಶವೇ ಐದು ವರ್ಷ ಬಿಟ್ಟು ಸ್ನೇಹ ಮಾಡೋಣ ಎಂದು ಪತ್ರ ಕಳಿಸುತ್ತದೆ. ಪಶ್ಚಾತ್ತಾಪವೇನಿಲ್ಲ, ಒಳಗೆ ಯಾವುದೋ ಒಂದು ಅಂಕಿ ಇಳಿದು ಸೊನ್ನೆಗೆ ಬಂದಿರುತ್ತದೆ, ಅಷ್ಟೇ. ದ್ವೇಷಕ್ಕೂ ಅದಕ್ಕೆ ಕಾರಣ ಬೇಡ, ಗಡಿ ತಾಗಿದರೆ ಸಾಕು. ಪೋರ್ಚುಗಲ್ ಪ್ರತಿ ಬೇಸಿಗೆಗೂ ಕೊಂಕಣದ ದಡದಲ್ಲಿ ಎರಡು ಸಾವಿರ ಜನರನ್ನು ಇಳಿಸಿ ಸಾಯಿಸುತ್ತದೆ. ಮುಂದಿನ ಬೇಸಿಗೆಗೆ ಅದೇ ದಡ, ಮತ್ತೆ ಎರಡು ಸಾವಿರ. ಎಲ್ಲಕ್ಕಿಂತ ಹೇಸಿಗೆಯೆಂದರೆ ಅಹಮದ್‌ನಗರ. ನಿಮ್ಮ ಕೋಟೆಗೆ ಮುತ್ತಿಗೆ ಬಿದ್ದಾಗ ಸ್ನೇಹಿತನೆಂದು ಸೈನ್ಯ ತಂದು ಗಡಿಯಲ್ಲಿ ನಿಲ್ಲಿಸುತ್ತದೆ. ನಿಂತು ನೋಡುತ್ತದೆ. ಕೋಟೆ ಬೀಳುತ್ತದೆ. ಅದು ನಿಂತೇ ಇರುತ್ತದೆ.

ನನ್ನ ಜೊತೆ ಆಡುತ್ತಿದ್ದ ಒಬ್ಬನೇ ಮನುಷ್ಯ ಕ್ರಾಂತಿಕುಮಾರ. ಜಹೀರಾಬಾದಿನಲ್ಲಿ ಡಿಗ್ರಿ ಓದುವಾಗ ಮೂರು ವರ್ಷ ಇಬ್ಬರೂ ಒಂದೇ ಖೋಲಿಯಲ್ಲಿದ್ದೆವು. ಆಮೇಲೆ ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿ ನಾರಾಯಣಖೇಡದ ಖಾಸಗಿ ಕಾಲೇಜೊಂದಕ್ಕೆ ಸೇರಿದೆ. ಅವನು ತಾಂಡೂರಿನಲ್ಲಿ ಫರಶಿ ಕಲ್ಲಿನ ವ್ಯಾಪಾರಿಯೊಬ್ಬರ ಹತ್ತಿರ ಅಳತೆಯ ಕೆಲಸಕ್ಕೆ ಸೇರಿದ. ಭಾನುವಾರ ಮಧ್ಯಾಹ್ನ ಎರಡರಿಂದ ಐದು ನಮ್ಮ ಆಟ. ನನ್ನದು ಬೀದರ್, ಅವನದು ಗೋಲ್ಕೊಂಡ. ಆ ಭೂಪಟದಲ್ಲಿ ನಮ್ಮ ಊರುಗಳಿಗೆ ಹೆಸರಿಲ್ಲ. ಎರಡು ರಾಜ್ಯಗಳ ನಡುವಿನ ಗೆರೆ ಮಾತ್ರ ಸುಮಾರಾಗಿ ಜಹೀರಾಬಾದಿನ ನಮ್ಮ ಹಳೆಯ ಖೋಲಿಯ ಮೇಲೆ ಹಾದುಹೋಗಿತ್ತು.

ಆಟಗಾರ ಬರದಿದ್ದರೆ ಅವನ ದೇಶವನ್ನು ಕಂಪ್ಯೂಟರೇ ನಡೆಸುತ್ತದೆ. ಬಣ್ಣ ಅದೇ, ಹೆಸರೂ ಅದೇ. ಯಾರು ನಡೆಸುತ್ತಿದ್ದಾರೆಂದು ಆಟ ಹೇಳುವುದಿಲ್ಲ, ನಡತೆ ನೋಡಿ ತಿಳಿಯಬೇಕು. ಆ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ. ಪರದೆಯ ಮೂಲೆಯಲ್ಲಿ ಬರೆಯಲು ಒಂದಿಷ್ಟು ಜಾಗವಿತ್ತು. 'ಬಿಜಾಪುರ ಹೆಂಗ ಓಡ್ಲತದ ನೋಡ್ಲೇ' ಎಂದು ಅವನು ಬರೆದರೆ, 'ಹ್ಞೂ' ಎಂದು ನಾನು. ಮೂರು ಗಂಟೆಗೆ ಅಷ್ಟು ಮಾತು ಸಾಕಾಗುತ್ತಿತ್ತು.

ಜೂನಿನಲ್ಲಿ ಕಂಗ್ಟಿಯ ನನ್ನ ಕಾಕಾ ಬಕ್ಕಪ್ಪ ಹೊಸ ಮನೆ ಕಟ್ಟಿಸುತ್ತಿದ್ದರು. ನೆಲಕ್ಕೆ ಹಾಸುವ ಫರಶಿಗೆ ಕ್ರಾಂತಿಯ ಹೆಸರು ಹೇಳಿದವನು ನಾನೇ. ಅವನು ಬಂದ. ಕಾಕಾ ಮೊದಲು ಅವನ ತಂದೆಯ ಹೆಸರು ಕೇಳಿದರು, ಆಮೇಲೆ ಓಣಿ ಕೇಳಿದರು. ಹಣಮಯ್ಯ, ಬುದ್ಧವಿಹಾರದ ಓಣಿ ಎಂದ. ಕಾಕಾ ತಲೆಯಾಡಿಸಿದರು. ಅವನು ಟೇಪು ಹಿಡಿದು ಒಂದೊಂದೇ ಖೋಲಿ ಅಳೆದ. ದೇವರ ಖೋಲಿಯ ಅಳತೆಯನ್ನು ಮಾತ್ರ ಕಾಕಾ ಬಾಗಿಲಿಗೆ ಅಡ್ಡ ನಿಂತು ಬಾಯಲ್ಲೇ ಹೇಳಿದರು.

ಕಾಕಾರ ಹೆಂಡತಿ ದ್ರೌಪದಿ ಕಾಕು ಚಹಾ ತಂದಳು. ನಮಗೆಲ್ಲ ಕಪ್ಪು-ಬಸಿ, ಕ್ರಾಂತಿಗೆ ಪೇಪರ್ ಕಪ್. ಕ್ರಾಂತಿ ಒಮ್ಮೆ ನನ್ನ ಕಡೆ ನೋಡಿದ. ನಾನು ಬಸಿಗೆ ಚಹಾ ಸುರಿದು ಊದುತ್ತಿದ್ದೆ. ಅವನು ಕುಡಿದು, ಕಪ್ಪನ್ನು ಹಿಸುಕಿ, ಎಲ್ಲಿಯೂ ಇಡದೆ ಅಂಗಿಯ ಜೇಬಿಗೆ ಹಾಕಿಕೊಂಡ. ಬಸ್ ನಿಲ್ದಾಣದ ದಾರಿಯಲ್ಲಿ ಫರಶಿಯ ದಪ್ಪದ ಬಗ್ಗೆ ಎರಡು ಮಾತಾಡಿ ಸುಮ್ಮನಾದ. ನಾನೂ ಸುಮ್ಮನಿದ್ದೆ. ನನಗೆ ಮೌನ ಇಷ್ಟ. ಅವನಿಗೂ ಇಷ್ಟವೆಂದು ತಿಳಿದುಕೊಂಡೆ.

ಅದಾದ ಮೇಲೆ ಪರದೆಯ ಮೂಲೆಯಲ್ಲಿ ಏನೂ ಬರಲಿಲ್ಲ. ಗೋಲ್ಕೊಂಡದ ಸೈನ್ಯ ಗಡಿ ಬಿಟ್ಟು ಒಳಗೆ ಸರಿದು ಅಲ್ಲಾಡದೆ ಕೂತಿತು. ಒಂದು ಭಾನುವಾರವಲ್ಲ, ನಾಲ್ಕು ತಿಂಗಳು. ನಾನು ಯುದ್ಧಕ್ಕೆ ಕರೆದರೆ ಬರಲಿಲ್ಲ, ಬಿಜಾಪುರ ಅದರ ಹೊಲ ಸುಟ್ಟರೂ ಏಳಲಿಲ್ಲ. ಕ್ರಾಂತಿ ಆಟ ಬಿಟ್ಟಿದ್ದಾನೆ, ಇದು ಕಂಪ್ಯೂಟರ್ ಎಂದುಕೊಂಡೆ.

ದಸರಾ ಭಾನುವಾರವೇ ಬಂತು. ಮುಂಜಾನೆ ಕಂಗ್ಟಿಗೆ ಹೋಗಿ ಹಿರಿಯರಿಗೆಲ್ಲ ಬನ್ನಿ ಕೊಟ್ಟು, ಕಾಲು ಮುಟ್ಟಿ, ಮಧ್ಯಾಹ್ನ ನಾರಾಯಣಖೇಡಕ್ಕೆ ಬಂದು ಆಟ ತೆರೆದೆ. ಜೇಬಿನಲ್ಲಿ ಇನ್ನೂ ನಾಲ್ಕು ಎಲೆ ಬಾಡುತ್ತಿದ್ದವು. ಪರದೆಯ ಮೇಲೆ ಸುದ್ದಿ ಬಂತು: ಗೋಲ್ಕೊಂಡ ನಿಮಗೆ ಉಡುಗೊರೆ ಕಳಿಸಿದೆ, ಬಂಗಾರದ ನಾಣ್ಯ ಒಂದು. ಸ್ವಲ್ಪ ಹೊತ್ತಿಗೆ ಮತ್ತೆ ಒಂದು. ಮತ್ತೆ ಒಂದು.

ನಕ್ಕೆ. ಒಂದು ನಾಣ್ಯದಲ್ಲಿ ಒಬ್ಬ ಸೈನಿಕನ ಒಂದು ದಿನದ ಊಟವೂ ಆಗದು. ಇಂಥ ದಡ್ಡ ದೇಶಕ್ಕೆ ಬದುಕುವ ಯೋಗ್ಯತೆ ಇಲ್ಲ ಎನಿಸಿತು. ಅದೇ ಮಧ್ಯಾಹ್ನ ಯುದ್ಧ ಸಾರಿದೆ. ಮೂರನೆಯ ಭಾನುವಾರ ಗೋಲ್ಕೊಂಡದ ಕೋಟೆ ಬಿತ್ತು. ಅದು ತಡೆಯಲೇ ಇಲ್ಲ. ಉಳಿದದ್ದು ಸಮುದ್ರದ ದಡದ ಮಚಲಿಪಟ್ಟಣ ಒಂದೇ.

ಕೋಟೆ ಬಿದ್ದ ಹತ್ತು ನಿಮಿಷಕ್ಕೆ ಫೋನು ಬಂತು.

"ಸಮಾಧಾನ ಆತೇನ್ಲೇ?" ಕ್ರಾಂತಿಯ ದನಿ.

"ಕ್ರಾಂತಿ? ನೀ ಆಡ್ಲತ್ತಿದ್ದೇನು?"

"ಮತ್ಯಾರು, ನಿಮ್ಮ ಕಾಕಾ ಆಡ್ತಾನೇನು?"

"ನಾ ಕಂಪ್ಯೂಟರ್ ಅಂದ್ಕೊಂಡೆ."

ಅವನು ನಕ್ಕ. ಆ ನಗು ಕೇಳಲಾಗಲಿಲ್ಲ.

"ದೊಡ್ಡ ಪಂಡಿತ! ಕಂಪ್ಯೂಟರ್ ಎಂದಾರ ಒಂದೇ ನಾಣ್ಯ ಕಳಿಸ್ತದೇನ್ಲೇ? ಇಪ್ಪತ್ತೈದಕ್ಕ ಕಮ್ಮಿ ಅದರ ಕೈ ಏಳಲ್ಲ. ನಾ ಕಳಿಸ್ದಾಗ ಯಾವ ದಿನ ಇತ್ತು, ಅದಾರ ನೋಡಿದೇನು?"

ಆಗ ನೆನಪಾಯಿತು. ಜಹೀರಾಬಾದಿನಲ್ಲಿ ಓದುವಾಗ ಪ್ರತಿ ದಸರಾ ಮುಗಿಸಿ ಊರಿಂದ ಬಂದವನು ನಾನೇ ಅವನ ಕೈಗೆ ಮೂರು ಬನ್ನಿ ಎಲೆ ಇಟ್ಟು, 'ಬಂಗಾರ ತಗೊಂಡು ಬಂಗಾರದಂಗ ಇರೂಣು' ಎನ್ನುತ್ತಿದ್ದೆ. ಅವನು ಅವನ್ನು ಪುಸ್ತಕದಲ್ಲಿ ಇಟ್ಟುಕೊಳ್ಳುತ್ತಿದ್ದ.

"ನಮ್ಮ ಮನ್ಯಾಗ ಬನ್ನಿ ಹಂಚಲ್ಲ," ಎಂದ ಕ್ರಾಂತಿ. "ನೀ ಹಂಚಾಂವ ಅಂತ ನಾ ಕಳಿಸ್ದೆ. ಅದಕ್ಕರ ಬಾಯಿ ಬಿಡ್ತಿ ಅಂದ್ಕೊಂಡೆ. ಬಸ್ ಸ್ಟ್ಯಾಂಡ್ ತನಕ ಕಾದೆ, ಅಲ್ಲಿಂದ ನಾಕು ತಿಂಗಳು ಕಾದೆ. ನೀ ಫೌಜು ಕಳಿಸ್ದಿ."

"ತಪ್ಪಾತು ಕ್ರಾಂತಿ. ಅವತ್ತು ಚಾ..."

"ನನಗ್ಯಾಕ ಹೇಳ್ತಿ? ಕುಡದಾಂವ ನಾ, ನನಗ ಗೊತ್ತೇ ಅದ. ಯಾರಿಗ ಗೊತ್ತಿಲ್ಲೋ ಅವರಿಗ ಹೋಗಿ ಹೇಳು." ಫೋನು ಇಟ್ಟ.

ಮೂರು ದಿನ ನಾನು ಹೋಗಲಿಲ್ಲ. ಕಾಕಾ ಹಿರಿಯರು, ಅಪ್ಪ ಸತ್ತ ಮೇಲೆ ನನ್ನನ್ನು ಓದಿಸಿದವರು ಎಂದೆಲ್ಲ ನನಗೆ ನಾನೇ ಪಾಠ ಹೇಳಿಕೊಂಡೆ. ಗಡಿಯಲ್ಲಿ ನಿಂತ ಅಹಮದ್‌ನಗರಕ್ಕೂ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತೇನೋ. ನಾಲ್ಕನೆಯ ದಿನ ಕಂಗ್ಟಿಯ ಬಸ್ಸು ಹತ್ತಿದೆ.

"ಬಾ ಬಾ ಕಾಂತ್ಯಾ," ಕಾಕಾ ಬಾಗಿಲಿಗೇ ಬಂದರು. "ಚಪ್ಪಲ್ ಅಲ್ಲೇ ಬಿಡು. ಫರಶಿ ನೋಡು, ಮಾರಿ ಕಾಣ್ತದ. ನಿನ್ನ ದೋಸ್ತನ ಅಳತಿ ಅಂದ್ರ ಅಳತಿ. ಒಂದ್ ಕೂದಲು ಆಕಡಿ ಈಕಡಿ ಇಲ್ಲ."

"ದೇವರ ಖೋಲ್ಯಾಗೂ ಹಂಗೇ ಕುಂತದೇನ್ರಿ?"

"ಅಲ್ಲಿ ಒಂದ್ ಗೇಣು ಸಾಲಲಿಲ್ಲಪಾ. ಸಿಮೆಂಟ್ ಬಳಿಸ್ದೆ."

ಕಾಕು ಚಹಾ ತಂದಳು, ಕಪ್ಪು-ಬಸಿಯಲ್ಲಿ.

"ನನಗ ಪೇಪರ್ ಕಪ್ಪಿನಾಗ ಕೊಡ್ರಿ ಕಾಕು."

"ಅಯ್ಯ, ಯಾಕಪಾ? ನೀ ಏನ್ ಹೊರಗಿನಾಂವ?"

"ಕ್ರಾಂತಿ ಹೊರಗಿನಾಂವ ಏನ್ರಿ? ಮೂರು ವರ್ಷ ನಾವಿಬ್ರು ಒಂದೇ ತಾಟಿನಾಗ ಉಂಡೀವಿ. ಅವ ಅಳದ ನೆಲದ ಮ್ಯಾಲ ಕುಂತು ನಾ ಬಸ್ಯಾಗ ಚಾ ಕುಡೀಲಾರೆ."

ಕಾಕಾ ಕಪ್ಪು ಕೆಳಗಿಟ್ಟರು. "ಊರ ರಿವಾಜು ಅದು ಕಾಂತ್ಯಾ. ಓದ್ದಾಂವ ನೀ, ನಿನಗ ಗೊತ್ತಿರಲಿಲ್ಲೇನು? ಅವತ್ತು ಇಲ್ಲೇ ಕುಂತಿದ್ದಿ. ಕಮಕ್ ಅಂದಿಲ್ಲ."

"ಗೊತ್ತಿತ್ರಿ. ಗೊತ್ತಿದ್ದೂ ಸುಮ್ಮನ ಕುಂತೆ. ಅವನ ಎದುರು ನೀವು ಮಾಡಿದ್ದು ಹಲ್ಕಟ್ ಕೆಲಸ, ನಾ ಮಾಡಿದ್ದು ಅದಕ್ಕಿಂತ ಹಲ್ಕಟ್."

ಕಾಕು ಒಳಗೆ ಹೋದಳು. ಪೇಪರ್ ಕಪ್ ತರಲಿಲ್ಲ, ಹೊರಗೂ ಬರಲಿಲ್ಲ. ನನ್ನ ಚಹಾದ ಮೇಲೆ ಕೆನೆ ಕಟ್ಟಿತು. ಕಾಕಾ ತಮ್ಮ ಕನ್ನಡಿಯಂಥ ಫರಶಿಯನ್ನೇ ನೋಡುತ್ತ ಕೂತಿದ್ದು ಕೊನೆಗೆ, "ಬಸ್ಸಿಗೆ ಹೊತ್ತಾತು, ಹೋಗು," ಎಂದರು. ಬಾಗಿಲವರೆಗೆ ಕಳಿಸಲು ಬರಲಿಲ್ಲ.

ಭಾನುವಾರ ಎರಡಕ್ಕೆ ಆಟ ತೆರೆದೆ. ಗೋಲ್ಕೊಂಡದ ಕೋಟೆಯನ್ನು ಅದಕ್ಕೇ ಬಿಟ್ಟುಕೊಟ್ಟು ನನ್ನ ಸೈನ್ಯವನ್ನು ಹಿಂದೆ ತೆಗೆದೆ. ಪರದೆಯ ಮೂಲೆಯಲ್ಲಿ 'ಕಾಕಾಗ ಹೇಳಿ ಬಂದೆ' ಎಂದು ಬರೆದೆ. ಆಮೇಲೆ ಒಂದು ನಾಣ್ಯ ಕಳಿಸಿದೆ.

ಕಂಪ್ಯೂಟರ್ ಆದರೆ ಅದೇ ದಿನ ಉತ್ತರ ಕೊಡುತ್ತದೆ. ಉಡುಗೊರೆ ಬಂತು, ಸಂಬಂಧ ಇಷ್ಟು ಏರಿತು ಎಂದು ಅಂಕಿ ತೋರಿಸುತ್ತದೆ. ಆಟದಲ್ಲಿ ಒಂದು ದಿನ ಕಳೆಯಿತು, ಹತ್ತು ದಿನ ಕಳೆದವು. ಏನೂ ಬರಲಿಲ್ಲ. ಮಚಲಿಪಟ್ಟಣದಿಂದ ಒಂದು ಹಡಗು ಹೊರಟಿತು. ಸ್ವಲ್ಪ ದೂರ ಹೋಗಿ ನಿಂತಿತು. ತಿರುಗಿ ಬಂದರಿಗೆ ಹೋಯಿತು. ಮತ್ತೆ ಹೊರಟು, ಮತ್ತೆ ನಿಂತಿತು.

ಕಂಪ್ಯೂಟರಿನ ಹಡಗು ಹೀಗೆ ನಡುನೀರಿನಲ್ಲಿ ಯೋಚಿಸುತ್ತ ನಿಲ್ಲುವುದಿಲ್ಲ. ತಾಂಡೂರಿನಲ್ಲಿ ಅವನು ಕೂತಿದ್ದ. ಐದು ಗಂಟೆಗೆ ಇನ್ನೂ ನಲವತ್ತು ನಿಮಿಷವಿತ್ತು. ನಾನು ಏನನ್ನೂ ಮುಟ್ಟದೆ ಆ ಹಡಗನ್ನೇ ನೋಡುತ್ತ ಕಾದೆ.