ದಡ ಹತ್ತಿದ ಹೂಳು

ನಮ್ಮ ಮಾವನವರಿಗೆ ಅರಸರೆಂದರೆ ಪ್ರಾಣ. ಆಯುಸ್ಸೆಲ್ಲ ಅಗೆದು, ಸುಟ್ಟುಹೋದ ಅರಮನೆಯೊಂದನ್ನು ಮಣ್ಣಿನಿಂದ ಎತ್ತಿದವರು. ಅದರ ಕಲ್ಲಿನ ಸಿಂಹಾಸನಕ್ಕೆ ಮ್ಯೂಸಿಯಮ್ಮಿನಲ್ಲಿ ಇಡೀ ಒಂದು ಕೋಣೆ. ಅರಮನೆ ಸುಟ್ಟ ಮೇಲೆ ಇನ್ನೊಬ್ಬ ಅರಸ ತಲೆಯೆತ್ತುವವರೆಗಿನ ಮುನ್ನೂರು ವರ್ಷಕ್ಕೆ ಮಾತ್ರ ಒಂದು ಗಿಡ್ಡ ಹಲಗೆ: 'ಪಾಳು ಕಾಲ. ಜನ ಊರು ಬಿಟ್ಟರು.' ಅದೂ ಕಕ್ಕಸಿಗೆ ಹೋಗುವ ದಾರಿಯಲ್ಲಿ. ಅದೇ ವಿದ್ಯೆ ಕಲಿತು ಅದೇ ಮನೆಗೆ ಸೊಸೆಯಾಗಿ ಬಂದ ನನಗೆ ಆ ಹಲಗೆ ಕಂಡರೆ ಮೈಯೆಲ್ಲ ಉರಿ. ಮುನ್ನೂರು ವರ್ಷ ಎಲ್ಲಿಗೆ ಹೋಗಿದ್ದರಂತೆ, ನೆಂಟರ ಮನೆಗಾ?

ಈ ಸಲ ಅವರ ಕಣ್ಣು ಅರಮನೆಯ ಹೆಬ್ಬಾಗಿಲ ಮೇಲೆ. ಅದಕ್ಕೆ ಅಡ್ಡವಾಗಿ ಹಳೇ ಕಾಲುವೆಯ ದಡ, ದಡದ ಮೇಲೊಂದು ಮಣ್ಣಿನ ದಿಬ್ಬ.

"ನಾಳೆ ಜೆಸಿಬಿ ಬರುತ್ತೆ. ದಿಬ್ಬ ತೆಗೆಸಿಬಿಡ್ತೀನಿ," ಎಂದರು ಊಟದ ಮೇಜಿನಲ್ಲಿ.

ಆ ಮುನ್ನೂರು ವರ್ಷದ ಜನರ ಗುರುತು ಎಲ್ಲಾದರೂ ಉಳಿದಿದ್ದರೆ ಆ ದಿಬ್ಬದಲ್ಲೇ. ಒಮ್ಮೆ ಯಂತ್ರ ಬಾಯಿ ಹಾಕಿದರೆ ಮುಗಿಯಿತು.

"ಬೆಳಗ್ಗೆ ಒಂದು ಹೊತ್ತು ನನಗೆ ಕೊಡಿ ಮಾವ."

"ಅದರಲ್ಲೇನಿದೆ ನೋಡೋಕೆ? ಬರೀ ಹೂಳು ಕಣಮ್ಮ."

ನನ್ನ ಗಂಡ ಅಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ, ನೀರು ತರುವ ನೆಪದಲ್ಲಿ ಎದ್ದುಹೋದ. ಜಾಣ.

ಬೆಳಗ್ಗೆ ದಿಬ್ಬದ ಒಂದು ಪಕ್ಕವನ್ನು ನೆಟ್ಟಗೆ ಕೊಯ್ದು ಕರಣೆಯಿಂದ ನಯ ಮಾಡಿದೆ. ಅಡಿಯಲ್ಲಿ ಅರಮನೆಯ ಬೂದಿ. ಅದರ ಮೇಲೆ ಹೂಳು, ಹುಲ್ಲು ಬೆಳೆದು ಒಣಗಿದ ಕಪ್ಪು ಗೆರೆ, ಮತ್ತೆ ಹೂಳು, ಮತ್ತೆ ಗೆರೆ, ಹೀಗೇ ತುದಿಯವರೆಗೂ. ಅಷ್ಟರಲ್ಲಿ ಮಾವ ಬಂದರು. ಹಿಂದೆ ಜೆಸಿಬಿ ಗುರುಗುಡುತ್ತಿತ್ತು.

"ಹೇಳಿದೆನಲ್ಲ, ಹೂಳು ಅಂತ."

"ಹೂಳೇ ಮಾವ. ಆದ್ರೆ ಹೂಳು ಕಾಲುವೆ ತಳದಲ್ಲಿರಬೇಕು. ತಾನಾಗೇ ದಡ ಹತ್ತುತ್ತಾ?"

"ನೆರೆ ಬಂದು ಎಸೆದಿರಬೇಕು."

"ನೆರೆ ಬುಟ್ಟಿ ಹಿಡ್ಕೊಂಡು ಬರುತ್ತಾ?"

ಕನ್ನಡಕ ಏರಿಸಿ ಬಗ್ಗಿದರು. ಬುಟ್ಟಿ ಕವುಚಿದ ಆಕಾರದಲ್ಲೇ ಗಟ್ಟಿಯಾದ ಗುಪ್ಪೆಗಳು, ಒಂದರ ಮೇಲೊಂದು. ದೊಡ್ಡ ಗುಪ್ಪೆಗಳ ನಡುವೆ ಅಲ್ಲಲ್ಲಿ ಬೊಗಸೆಯಷ್ಟೇ ಪುಟ್ಟವು. ಅವರ ಬೆರಳು ಅಲ್ಲಿ ನಿಂತಿತು.

"ಇವು?"

"ಮಕ್ಕಳು ಹೊತ್ತು ಹಾಕಿದ್ದಿರಬೇಕು ಮಾವ."

ಅವರು ತಿರುಗದೆಯೇ ಕೈಯೆತ್ತಿ ಯಂತ್ರ ನಿಲ್ಲಿಸಲು ಸನ್ನೆ ಮಾಡಿದರು.

ಅಪ್ಪಣೆ ಕೊಡಲು ಅರಸನಿಲ್ಲ, ಗದರಿಸಲು ಅಧಿಕಾರಿಯಿಲ್ಲ. ಆದರೂ ಈ ಜನ ಮಕ್ಕಳು ಮರಿಗಳ ಸಮೇತ ಕಾಲುವೆಗಿಳಿದು, ಪದರಕ್ಕೊಂದು ಸಲದಂತೆ, ತಲೆತಲಾಂತರ ಹೂಳೆತ್ತಿದ್ದರು. ಅವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ನಮ್ಮವರೇ ಏನೋ ಗೆದ್ದು ಬಂದಂತೆ ಎದೆಯುಬ್ಬಿತು, ಕಣ್ಣೂ ತುಂಬಿತು.

ಸಂಜೆ ಮಾವ ಆ ಹಲಗೆಯನ್ನು ತಾವೇ ಕಿತ್ತು ತಂದು ಊಟದ ಮೇಜಿನ ಮೇಲಿಟ್ಟರು. "ನೀನೇ ಬರಿ," ಎಂದರು. ಹಿಂದುಗಡೆ ಬರೆದೆ: 'ಅರಸರಿರಲಿಲ್ಲ. ಕಾಲುವೆ ಹರಿಯುತ್ತಿತ್ತು.'

ಎರಡು ಸಲ ಓದಿದರು.

"ಇದು ಕಕ್ಕಸಿನ ದಾರೀಲಿ ಬೇಡ. ದೊಡ್ಡ ಕೋಣೇಲೇ ಹಾಕೋಣ."

"ಅಲ್ಲಿ ಜಾಗ ಎಲ್ಲಿದೆ ಮಾವ?"

"ಸಿಂಹಾಸನ ಸ್ವಲ್ಪ ಆಚೆ ಸರಿಸಿದರಾಯ್ತು," ಎಂದರು ಮಾವ.